ರಿಸರ್ವ್ ಪೈಲಟ್‌ನ ಮೂರು ಆಯ್ಕೆಗಳು: ಮನೆ ಎಲ್ಲಿ, ಕರೆ ಯಾವುದು, ವಿಮಾನ ಎಷ್ಟು ದೊಡ್ಡದು

ಅಮೆರಿಕದ ದೊಡ್ಡ ವಿಮಾನಯಾನ ಸಂಸ್ಥೆಗಳಲ್ಲಿ ಪೈಲಟ್‌ಗಳು ಎರಡು ಬಗೆ. ತಿಂಗಳ ವೇಳಾಪಟ್ಟಿ ಕೈಗೆ ಬಂದ ದಿನವೇ ಯಾವ ತಾರೀಖು ಯಾವ ಊರಿಗೆ ಹಾರಬೇಕೆಂದು ತಿಳಿದಿರುವವರು ಲೈನ್ ಹೋಲ್ಡರ್‌ಗಳು. ಯಾವ ದಿನ ಕಾಯಬೇಕೆಂಬುದಷ್ಟೇ ಗೊತ್ತಿದ್ದು, ಎಲ್ಲಿಗೆ ಹೋಗಬೇಕು, ಅಸಲಿಗೆ ಹೋಗಬೇಕೋ ಬೇಡವೋ ಎಂಬುದು ಫೋನ್ ಬಂದಾಗಲೇ ತಿಳಿಯುವವರು ರಿಸರ್ವ್ ಪೈಲಟ್‌ಗಳು. ಫ್ರಾಂಕ್‌ಫರ್ಟ್‌ಗೆ ಹೊರಡಬೇಕಿದ್ದ ಸಹಪೈಲಟ್‌ಗೆ ಜ್ವರ ಬಂದರೆ, ಷಿಕಾಗೋದಲ್ಲಿ ಹಿಮ ಸುರಿದು ಒಂದು ತಂಡದ ಕರ್ತವ್ಯದ ಅವಧಿ ಮುಗಿದುಹೋದರೆ, ಖಾಲಿಯಾದ ಆ ಆಸನವನ್ನು ತುಂಬಲು ಕರೆ ಬರುವುದು ಇವರಿಗೆ. ಭಾರತದ ಸಂಸ್ಥೆಗಳಲ್ಲಿ ಇಂತಹ ಕಾಯುವಿಕೆಗೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಅಮೆರಿಕದಲ್ಲಿ ಅದು ಇಡೀ ತಿಂಗಳಿನ, ಕೆಲವರ ಪಾಲಿಗೆ ಹಲವು ವರ್ಷಗಳ, ಜೀವನಕ್ರಮವೇ ಆಗಿರುತ್ತದೆ.

ಯಾರು ರಿಸರ್ವ್‌ನಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಸೀನಿಯಾರಿಟಿ. ಆದರೆ ಆ ಹಿರಿತನವನ್ನು ಅಳೆಯುವುದು ಇಡೀ ಸಂಸ್ಥೆಯ ಪಟ್ಟಿಯಲ್ಲಿ ಮಾತ್ರವಲ್ಲ. ಒಂದು ನೆಲೆ, ಒಂದು ಬಗೆಯ ವಿಮಾನ, ಎಡಗಡೆಯ (ಕ್ಯಾಪ್ಟನ್‌ನ) ಅಥವಾ ಬಲಗಡೆಯ (ಸಹಪೈಲಟ್‌ನ) ಆಸನ, ಈ ಮೂರೂ ಸೇರಿದ ಗುಂಪಿನೊಳಗೆ ನೀವು ಎಷ್ಟನೆಯವರು ಎಂಬುದೇ ನಿತ್ಯದ ಬದುಕನ್ನು ನಿರ್ಧರಿಸುತ್ತದೆ. ಒಬ್ಬನೇ ಪೈಲಟ್ ಡಲ್ಲಾಸ್‌ನಲ್ಲಿ ಬೋಯಿಂಗ್ 737ರ ಸಹಪೈಲಟ್ ಆಗಿದ್ದರೆ ನೆಮ್ಮದಿಯಾಗಿ ಲೈನ್, ಅಂದರೆ ಮೊದಲೇ ನಿಗದಿಯಾದ ವೇಳಾಪಟ್ಟಿ, ಹಿಡಿಯಬಹುದು. ಅದೇ ತಿಂಗಳು ನ್ಯೂಯಾರ್ಕ್‌ನ 777ಕ್ಕೆ ಹೋದರೆ ಪಟ್ಟಿಯ ತಳ ಸೇರಬಹುದು. ಆದ್ದರಿಂದ ರಿಸರ್ವ್ ಎಂಬುದು ಅರ್ಧ ಹಣೆಬರಹವಾದರೆ ಅರ್ಧ ನಾವೇ ಆರಿಸಿಕೊಂಡದ್ದು. ಆರಿಸಿಕೊಳ್ಳುವ ಆ ಅರ್ಧದಲ್ಲಿ ಮೂರು ಪ್ರಶ್ನೆಗಳಿವೆ. ಹೊಸಬರಲ್ಲಿ ಹೆಚ್ಚಿನವರು ವಿಮಾನದಿಂದ ಆರಂಭಿಸಿ, ಆಮೇಲೆ ಕರೆಯ ಬಗೆಯನ್ನು ಯೋಚಿಸಿ, ಮನೆಯ ವಿಷಯವನ್ನು ಕೊನೆಗೆ ಬಿಡುತ್ತಾರೆ. ನ್ಯೂಯಾರ್ಕ್‌ನಲ್ಲಿ ನನ್ನ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಆ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ಈಗಿನ ಅಭಿಪ್ರಾಯ.

ನೆಲೆಯಲ್ಲೇ ಮನೆಯೋ, ದೂರದಿಂದ ಓಡಾಟವೋ

ಪೈಲಟ್ ಕೆಲಸಕ್ಕೆ ಹಾಜರಾಗಬೇಕಾದ ವಿಮಾನ ನಿಲ್ದಾಣವಿರುವ ಊರನ್ನು ಬೇಸ್ ಎನ್ನುತ್ತಾರೆ. ಅಮೆರಿಕದ ಪೈಲಟ್‌ಗಳಲ್ಲಿ ಬಹಳ ಮಂದಿ ಬೇಸ್‌ನಲ್ಲಿ ವಾಸಿಸುವುದಿಲ್ಲ. ಮಕ್ಕಳ ಶಾಲೆ, ಸಂಗಾತಿಯ ಉದ್ಯೋಗ, ಕೈಗೆಟುಕುವ ಮನೆಬೆಲೆ ಇರುವ ಊರಿನಲ್ಲಿ ನೆಲೆಸಿ, ಪ್ರತಿ ಸಲವೂ ವಿಮಾನದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಪ್ರಯಾಣಿಕರ ಆಸನ ಖಾಲಿಯಿದ್ದರೆ ಅದರಲ್ಲಿ, ಇಲ್ಲವಾದರೆ ಕಾಕ್‌ಪಿಟ್‌ನ ಹೆಚ್ಚುವರಿ ಆಸನವಾದ ಜಂಪ್‌ಸೀಟ್‌ನಲ್ಲಿ. ಬೇರೆ ಸಂಸ್ಥೆಯ ವಿಮಾನದಲ್ಲಿಯೂ ಗುರುತಿನ ಪರಿಶೀಲನೆಯಾದ ಮೇಲೆ ಈ ಸೌಲಭ್ಯ ಸಿಗುತ್ತದೆ. ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಆಸನದ ಖಾತರಿಯೂ ಇಲ್ಲ.

ಲೈನ್ ಹೋಲ್ಡರ್‌ಗೆ ಈ ಓಡಾಟ ತಿಂಗಳಿಗೆ ಮೂರೋ ನಾಲ್ಕೋ ಬಾರಿ, ಅದೂ ಮೊದಲೇ ಗೊತ್ತಿರುವ ದಿನಗಳಲ್ಲಿ. ರಿಸರ್ವ್ ಪೈಲಟ್‌ಗೆ ಅದೇ ಓಡಾಟ ಬೇರೆಯದೇ ರೂಪ ತಾಳುತ್ತದೆ. ಕರೆ ಬಂದ ಎರಡು ಗಂಟೆಯ ಆಸುಪಾಸಿನಲ್ಲಿ ನಿಲ್ದಾಣದಲ್ಲಿರಬೇಕಾದ ದಿನಗಳಲ್ಲಿ, ಕರೆ ಬರಲಿ ಬಿಡಲಿ, ಅವನು ಬೇಸ್‌ನ ಊರಿನಲ್ಲೇ ಇರಬೇಕು. ಹೀಗೆ ಕಾಯುವವರಿಗಾಗಿ ಹುಟ್ಟಿಕೊಂಡದ್ದು ಕ್ರ್ಯಾಶ್ ಪ್ಯಾಡ್ ಎಂಬ ವಸತಿ: ಒಂದು ಮನೆಯಲ್ಲಿ ಹತ್ತು ಹನ್ನೆರಡು ಮಂದಿ, ಎರಡಂತಸ್ತಿನ ಮಂಚಗಳು, ತಿಂಗಳಿಗೆ ನೂರಾರು ಡಾಲರ್ ಬಾಡಿಗೆ. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ, ಕೆನಡಿ ಮತ್ತು ಲಗಾರ್ಡಿಯಾ ನಿಲ್ದಾಣಗಳೆರಡಕ್ಕೂ ಸಮೀಪವಿರುವ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇಂತಹ ಮನೆಗಳು ಎಷ್ಟಿವೆಯೆಂದರೆ ಅದಕ್ಕೆ ‘ಕ್ರೂ ಗಾರ್ಡನ್ಸ್’ ಎಂಬ ಅಡ್ಡಹೆಸರೇ ಬಿದ್ದಿದೆ. ಮಂಚ ನಿಮ್ಮದೊಬ್ಬರದೇ ಆಗಿದ್ದರೆ ಅದು ಕೋಲ್ಡ್ ಬಂಕ್, ಬಂದವರು ಖಾಲಿಯಿದ್ದ ಮಂಚ ಹಿಡಿಯುವ ಪದ್ಧತಿಯಾದರೆ ಹಾಟ್ ಬಂಕ್. ಬಾಡಿಗೆಯ ಅಂತರ ಎಷ್ಟೇ ಇರಲಿ, ರಿಸರ್ವ್ ಪೈಲಟ್ ಕೋಲ್ಡ್ ಬಂಕನ್ನೇ ಹಿಡಿಯಬೇಕು. ರಾತ್ರಿಯೆಲ್ಲ ಅಟ್ಲಾಂಟಿಕ್ ದಾಟುವ ಕೆಲಸ ಎದುರಿಗಿರುವಾಗ ಮಧ್ಯಾಹ್ನ ಮಲಗಲು ಜಾಗ ಹುಡುಕುವ ಪರಿಸ್ಥಿತಿ ಬರಬಾರದು.

ಓಡಾಟದ ಆಯಾಸ ಬರೀ ಅನಾನುಕೂಲದ ವಿಷಯವಲ್ಲ ಎಂಬುದನ್ನು ಅಮೆರಿಕ ಕಠಿಣವಾಗಿಯೇ ಕಲಿಯಿತು. 2009ರ ಫೆಬ್ರವರಿ 12ರಂದು ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್‌ನ 3407ನೆಯ ವಿಮಾನ ಇಳಿಯುವ ಮುನ್ನ ಪತನಗೊಂಡು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಸತ್ತರು. ಕ್ಯಾಪ್ಟನ್‌ನ ಮನೆ ಫ್ಲಾರಿಡಾದಲ್ಲಿ, ಸಹಪೈಲಟ್‌ನ ಮನೆ ಸಿಯಾಟಲ್ ಬಳಿ, ಇಬ್ಬರ ಬೇಸ್ ನ್ಯೂವಾರ್ಕ್. ಸಹಪೈಲಟ್ ಹಿಂದಿನ ರಾತ್ರಿಯನ್ನು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವ ವಿಮಾನಗಳಲ್ಲೇ ಕಳೆದಿದ್ದರು. ದಣಿವು ಇಬ್ಬರ ಕಾರ್ಯಕ್ಷಮತೆಯನ್ನೂ ಕುಗ್ಗಿಸಿರುವ ಸಾಧ್ಯತೆಯೇ ಹೆಚ್ಚು, ಆದರೆ ಅಪಘಾತದಲ್ಲಿ ಅದರ ಪಾಲೆಷ್ಟು ಎಂದು ಖಚಿತವಾಗಿ ಹೇಳಲಾಗದು ಎಂದು ತನಿಖಾ ಮಂಡಳಿ ಬರೆಯಿತು. ಆ ಘಟನೆಯ ನಂತರ ಬಂದ 2010ರ ಕಾನೂನಿನ ಫಲವಾಗಿಯೇ 2014ರ ಜನವರಿ 4ರಿಂದ ‘ಪಾರ್ಟ್ 117’ ಎಂಬ ಕರ್ತವ್ಯ ಮತ್ತು ವಿಶ್ರಾಂತಿಯ ನಿಯಮಾವಳಿ ಜಾರಿಗೆ ಬಂತು. ಮುಂದೆ ಹೇಳುವ ಗಂಟೆಗಳ ಲೆಕ್ಕವೆಲ್ಲ ಅದರದೇ. ಗಮನಿಸಬೇಕಾದ ಸಂಗತಿಯೆಂದರೆ, ಆ ನಿಯಮಾವಳಿ ಮನೆಯಿಂದ ಬೇಸ್‌ಗೆ ಬರುವ ಪ್ರಯಾಣವನ್ನು ಕರ್ತವ್ಯವೆಂದು ಎಣಿಸುವುದಿಲ್ಲ. ಪ್ರತಿ ಹಾರಾಟಕ್ಕೂ ಮುನ್ನ ತಾನು ಸಮರ್ಥನಾಗಿದ್ದೇನೆಂದು ಪೈಲಟ್ ದೃಢಪಡಿಸಬೇಕು, ಅಷ್ಟೆ. ಆ ಪ್ರಯಾಣದ ಹೊಣೆ ಅವನ ಹೆಗಲ ಮೇಲಿದೆ.

ಇವೆರಡನ್ನೂ ತೂಗಿ ನೋಡಿದರೆ, ರಿಸರ್ವ್‌ನಲ್ಲಿರುವವರೆಗೆ ಬೇಸ್‌ನಲ್ಲಿ ವಾಸಿಸುವುದರ ಲಾಭ ಅಗಾಧ. ಕರೆ ಬಾರದ ದಿನ ಮಗುವನ್ನು ಶಾಲೆಗೆ ಬಿಟ್ಟು ಬಂದು, ಮನೆಯಲ್ಲೇ ಊಟ ಮಾಡಿ, ಅಂದಿನ ಸಂಬಳವನ್ನೂ ಎಣಿಸಿಕೊಳ್ಳಬಹುದು. ಅದೇ ದಿನವನ್ನು ಕ್ರ್ಯಾಶ್ ಪ್ಯಾಡ್‌ನಲ್ಲಿ ಕಳೆಯುವವನಿಗೆ ಹಾರಾಟವೂ ಇಲ್ಲ, ಸಂಸಾರವೂ ಇಲ್ಲ. ಬೇಸ್ ಡಲ್ಲಾಸ್ ಅಥವಾ ಹೂಸ್ಟನ್ ಆಗಿದ್ದರೆ ಅಲ್ಲಿಗೆ ಮನೆ ಬದಲಿಸುವುದು ಬಹುತೇಕರಿಗೆ ಸಾಧ್ಯ. ಸ್ಯಾನ್ ಫ್ರಾನ್ಸಿಸ್ಕೋ ಅಥವಾ ನ್ಯೂಯಾರ್ಕ್ ಆಗಿದ್ದರೆ ಮನೆಬೆಲೆಯೇ ದೊಡ್ಡ ತಡೆ. ದುರದೃಷ್ಟವೆಂದರೆ, ಹಿರಿಯರು ಒಲ್ಲದ ನ್ಯೂಯಾರ್ಕ್ ಬಹುಕಾಲದಿಂದ ಕಿರಿಯರ ಬೇಸ್ ಆಗಿ ಉಳಿದಿರುವುದರಿಂದ ಹೊಸಬರಿಗೆ ಸುಲಭವಾಗಿ ಸಿಗುವುದೂ ಅದೇ.

ಶಾರ್ಟ್ ಕಾಲ್, ಲಾಂಗ್ ಕಾಲ್

ನಿಯಮಾವಳಿ ಮೂರು ಬಗೆಯ ರಿಸರ್ವ್ ಗುರುತಿಸುತ್ತದೆ. ಮೂರನೆಯದಾದ ಏರ್‌ಪೋರ್ಟ್ ಸ್ಟ್ಯಾಂಡ್‌ಬೈಯನ್ನು ಬೇಗ ಮುಗಿಸೋಣ: ಸಮವಸ್ತ್ರ ತೊಟ್ಟು ನಿಲ್ದಾಣದಲ್ಲೇ ಕೂರುವುದು, ಕೂತಷ್ಟೂ ಹೊತ್ತು ಹಾರಾಟ ಕರ್ತವ್ಯವೆಂದೇ ಎಣಿಕೆ. ಅದನ್ನು ಇಷ್ಟಪಟ್ಟು ಕೇಳುವವರನ್ನು ನಾನು ಕಂಡಿಲ್ಲ.

ಶಾರ್ಟ್ ಕಾಲ್ ಎಂದರೆ ದಿನದ ಒಂದು ನಿಗದಿತ ಅವಧಿಯಲ್ಲಿ ಫೋನ್‌ಗೆ ಸಿಗುತ್ತ, ಕರೆ ಬಂದ ಕೂಡಲೆ ಹೊರಡಲು ಸಿದ್ಧರಾಗಿರುವುದು. ಆ ಅವಧಿ ಗರಿಷ್ಠ 14 ಗಂಟೆ. ಅದು ಆರಂಭವಾಗುವ ಮುನ್ನ 10 ಗಂಟೆಯ ವಿಶ್ರಾಂತಿ ಕೊಟ್ಟಿರಬೇಕು, ಅದರೊಳಗೆ 8 ಗಂಟೆ ಅಡೆತಡೆಯಿಲ್ಲದೆ ನಿದ್ರಿಸುವ ಅವಕಾಶವಿರಬೇಕು. ಲಾಂಗ್ ಕಾಲ್‌ನಲ್ಲಿ ಕರೆಗೂ ಹಾಜರಿಗೂ ನಡುವೆಯೇ ಆ 10 ಗಂಟೆಯ ವಿಶ್ರಾಂತಿ ಬರಬೇಕು. ಕೆಲಸ ಬೆಳಗಿನ ಜಾವ 2ರಿಂದ 6ರವರೆಗಿನ, ದೇಹದ ಚೈತನ್ಯ ತೀರ ಕೆಳಗಿಳಿಯುವ ಹೊತ್ತಿನೊಳಗೆ ಚಾಚಿಕೊಳ್ಳುವುದಾದರೆ 12 ಗಂಟೆ ಮೊದಲೇ ತಿಳಿಸಬೇಕು. ಹಲವು ಸಂಸ್ಥೆಗಳು ಪೈಲಟ್‌ಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು ಎಲ್ಲ ಕರೆಗಳಿಗೂ 12 ಗಂಟೆ ಅಥವಾ ಇನ್ನೂ ಹೆಚ್ಚು ಕೊಡುತ್ತವೆ.

ಹೀಗೆ ಹೇಳಿದರೆ ಲಾಂಗ್ ಕಾಲ್ ಎಲ್ಲ ರೀತಿಯಲ್ಲೂ ಮೇಲೆನಿಸುತ್ತದೆ. ದೂರದೂರಿನವರಂತೂ ಅದಕ್ಕಾಗಿ ಹಾತೊರೆಯುತ್ತಾರೆ. ಆದರೆ ಅದರ ಬೆಲೆ ತಿಳಿಯಬೇಕಾದರೆ ಗಂಟೆಯ ಜೊತೆಗೆ ಗಡಿಯಾರವನ್ನೂ ನೋಡಬೇಕು. ರಾತ್ರಿ 9ಕ್ಕೆ ಕರೆ ಬಂದು ಮರುದಿನ ಬೆಳಿಗ್ಗೆ 9ಕ್ಕೆ ಹಾಜರಾಗಬೇಕಾದರೆ 12 ಗಂಟೆ ಸಿಕ್ಕಿತು ನಿಜ. ಆ ಹೊತ್ತಿಗೆ ನಿಮ್ಮೂರಿನಿಂದ ಕೊನೆಯ ವಿಮಾನ ಹೊರಟುಹೋಗಿರುತ್ತದೆ, ಬೆಳಗಿನ ಮೊದಲ ವಿಮಾನ ಹಿಡಿದರೆ ತಡವಾಗುತ್ತದೆ. ಅದೇ ಬೆಳಿಗ್ಗೆ 5ಕ್ಕೆ ಕರೆ ಬಂದು ಸಂಜೆ 5ಕ್ಕೆ ಹಾಜರಿಯಾದರೆ ದಾರಿಯಲ್ಲಿ ಎರಡು ಮೂರು ವಿಮಾನ ತಪ್ಪಿದರೂ ತಲುಪಬಹುದು. ಅಮೆರಿಕದ ಪೂರ್ವ ಕರಾವಳಿಯಿಂದ ಯುರೋಪಿಗೆ ಹೋಗುವ ಬಹುತೇಕ ವಿಮಾನಗಳು ಸಂಜೆ ಅಥವಾ ರಾತ್ರಿ ಹೊರಡುವುದರಿಂದ, ಅಂತರರಾಷ್ಟ್ರೀಯ ಹಾರಾಟದ ಲಾಂಗ್ ಕಾಲ್ ಓಡಾಡುವವರಿಗೆ ನಿಜಕ್ಕೂ ಒದಗಿ ಬರುತ್ತದೆ. ಬೆಳಿಗ್ಗೆ 5ಕ್ಕೇ ಹಾಜರಿ ಕೇಳುವ ದೇಶೀಯ ಹಾರಾಟದಲ್ಲಿ ಅಷ್ಟಾಗಿ ಒದಗದು. ಇನ್ನೊಂದು ತೊಡಕೂ ಇದೆ. 10 ಗಂಟೆಯ ವಿಶ್ರಾಂತಿ ಕೊಟ್ಟು ಲಾಂಗ್ ಕಾಲ್‌ನಲ್ಲಿರುವವರನ್ನು ಶಾರ್ಟ್ ಕಾಲ್‌ಗೆ ಬದಲಿಸಲು ನಿಯಮ ಅನುಮತಿಸುತ್ತದೆ. ತಿಂಗಳಿಗೆ ಎಷ್ಟು ಸಲ ಹಾಗೆ ಬದಲಿಸಬಹುದು ಎಂಬುದು ಆಯಾ ಸಂಸ್ಥೆಯ ಒಪ್ಪಂದದಲ್ಲಿರುತ್ತದೆ. ಆ ಒಂದು ಸಾಲನ್ನು ಓದದೆ ಊರ ಆಚೆ ಮನೆ ಕೊಂಡವರು ನಂತರ ಪರದಾಡುತ್ತಾರೆ.

ಶಾರ್ಟ್ ಕಾಲ್‌ಗೂ ತನ್ನದೇ ರಕ್ಷಣೆಯಿದೆ. ಇಬ್ಬರೇ ಪೈಲಟ್‌ಗಳ ಹಾರಾಟವಾದರೆ ಕಾಯುವ ಅವಧಿ ಆರಂಭವಾದ ಗಳಿಗೆಯಿಂದ ಎಣಿಸಿ, ಕಾಯುವಿಕೆಯೂ ಹಾರಾಟದ ಕರ್ತವ್ಯವೂ ಸೇರಿ 16 ಗಂಟೆ ಮೀರುವಂತಿಲ್ಲ. ಹಾಜರಾಗುವ ಹೊತ್ತಿಗೆ ತಕ್ಕಂತೆ ಹಾರಾಟದ ಕರ್ತವ್ಯಕ್ಕೆ ನಿಯಮಾವಳಿಯ ಕೋಷ್ಟಕದಲ್ಲಿರುವ ಮಿತಿಗೆ 4 ಗಂಟೆ ಸೇರಿಸಿದರೆ ಬರುವ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಅದೇ ಮಿತಿ. ಮೂವರು ಅಥವಾ ನಾಲ್ವರು ಪೈಲಟ್‌ಗಳಿರುವ ದೀರ್ಘ ಹಾರಾಟದಲ್ಲಿ 16 ಗಂಟೆಯ ಆ ತಡೆಯಿಲ್ಲ, ಕೋಷ್ಟಕದ ಮಿತಿಗೆ 4 ಗಂಟೆ ಸೇರಿಸಿದ ಮೊತ್ತವೇ ಮಿತಿ. ನ್ಯೂಯಾರ್ಕ್‌ನಿಂದ ದೆಹಲಿಗೆ ಹೋಗುವ ಹಾರಾಟವನ್ನೇ ತೆಗೆದುಕೊಳ್ಳಿ. ನಿಮ್ಮ ಕಾಯುವ ಅವಧಿ ಮಧ್ಯಾಹ್ನ 1ಕ್ಕೆ ಆರಂಭವಾಯಿತು, ಸಂಜೆ 6ಕ್ಕೆ ಹಾಜರಾಗಲು ಕರೆ ಬಂತು. ನಾಲ್ವರು ಪೈಲಟ್‌ಗಳು ಮತ್ತು ಉತ್ತಮ ದರ್ಜೆಯ ಮಲಗುವ ವ್ಯವಸ್ಥೆ ಇದ್ದರೆ ಆ ಹೊತ್ತಿನ ಆರಂಭಕ್ಕೆ ಮಿತಿ 17 ಗಂಟೆ. 4 ಸೇರಿಸಿದರೆ 21. ಮಧ್ಯಾಹ್ನ 1ರಿಂದ ಎಣಿಸಿದರೆ ಮರುದಿನ ನ್ಯೂಯಾರ್ಕ್ ಸಮಯ ಬೆಳಿಗ್ಗೆ 10ರೊಳಗೆ ಕರ್ತವ್ಯ ಮುಗಿಯಬೇಕು. ಆಕಾಶದಲ್ಲಿಯೇ ಸುಮಾರು 14 ಗಂಟೆ ಹಿಡಿಯುವ ಹಾರಾಟ; ಹಾಜರಿಯಿಂದ ಹೊರಡುವವರೆಗಿನ ಒಂದು ಗಂಟೆಗೂ ಮಿಕ್ಕ ಸಮಯ, ಎರಡೂ ಕಡೆ ನೆಲದ ಮೇಲೆ ಸಾಗುವ ಹೊತ್ತು ಸೇರಿದರೆ ಉಳಿಯುವ ಅಂತರ ಅತ್ಯಲ್ಪ. ಹೊರಡುವುದು ಒಂದು ಗಂಟೆ ತಡವಾಗುವ ಲಕ್ಷಣ ಕಂಡರೆ, ಪೈಲಟ್‌ಗಳಿಗೆ ಕೆಲಸ ಹಂಚುವ ಶೆಡ್ಯೂಲಿಂಗ್ ವಿಭಾಗದವರು ಸಂಜೆ 4ಕ್ಕೆ ಅವಧಿ ಆರಂಭವಾಗುವ ಇನ್ನೊಬ್ಬನನ್ನು ಹುಡುಕುತ್ತಾರೆ. ಆದ್ದರಿಂದ ದೂರದ ಹಾರಾಟ ಬೇಕೆನ್ನುವವರು ತಡವಾಗಿ ಆರಂಭವಾಗುವ ಅವಧಿಯನ್ನು ಕೇಳಬೇಕು, ಮನೆಯಲ್ಲೇ ಉಳಿಯಬೇಕೆನ್ನುವವರು ಬೆಳಗಿನ ಅವಧಿಯನ್ನು. ಯಾವ ತರಬೇತಿಯಲ್ಲೂ ಹೇಳಿಕೊಡದ ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಶಾರ್ಟ್ ಕಾಲ್ ದಿನದ ನಿದ್ದೆಯ ಬಗ್ಗೆ ಒಂದು ಮಾತು. ಬೆಳಿಗ್ಗೆ 6ಕ್ಕೆ ಎದ್ದು, ಮಧ್ಯಾಹ್ನವೆಲ್ಲ ಮನೆಗೆಲಸ ಮಾಡಿ, ಸಂಜೆ ಕರೆ ಬಂದಾಗ ರಾತ್ರಿಯಿಡೀ ಎಚ್ಚರವಿರಬೇಕಾಗುತ್ತದೆ. ಊಟದ ನಂತರದ ಒಂದೂವರೆ ಗಂಟೆಯ ನಿದ್ದೆಯನ್ನು ಸೋಮಾರಿತನವೆಂದು ನಾಚಿಕೊಳ್ಳದೆ ಕರ್ತವ್ಯವೆಂದೇ ಭಾವಿಸಬೇಕು. ಫೋನನ್ನು ಮಾತ್ರ ಮೌನಕ್ಕೆ ಹಾಕುವಂತಿಲ್ಲ. ಮೈಸೂರಿನಿಂದ ಅಮ್ಮ ಮಾಡುವ ಕರೆಗೆ ಒಂದು ಸದ್ದು, ಶೆಡ್ಯೂಲಿಂಗ್‌ಗೆ ಇನ್ನೊಂದು ಸದ್ದು ಇಟ್ಟುಕೊಂಡವರ ಸಂಸಾರದಲ್ಲಿ ಶಾಂತಿ ಹೆಚ್ಚು. ಆ ಎರಡನೆಯ ಸದ್ದನ್ನು ಕೇಳಿ ಮಕ್ಕಳೂ ಮುಖ ಸಣ್ಣದು ಮಾಡಿಕೊಳ್ಳುವುದನ್ನು ಬೇಗ ಕಲಿಯುತ್ತಾರೆ.

ದೊಡ್ಡ ವಿಮಾನದ ತಳವೋ, ಸಣ್ಣ ವಿಮಾನದ ನಡುವೋ

ಈಗ ವಿಮಾನದ ವಿಷಯ. 777, 787 ಅಥವಾ ಏರ್‌ಬಸ್ 350ರಲ್ಲಿ ಕಿರಿಯ ರಿಸರ್ವ್ ಆಗುವುದೋ, 737 ಅಥವಾ ಏರ್‌ಬಸ್ 320ರಲ್ಲಿ ಲೈನ್ ಹಿಡಿದು ದೇಶದೊಳಗೆ ಹಾರುವುದೋ?

ಹಣದಿಂದ ಆರಂಭಿಸಿದರೆ, ರಿಸರ್ವ್ ಪೈಲಟ್‌ಗೆ ಹಾರಲಿ ಬಿಡಲಿ ತಿಂಗಳಿಗೆ ಇಂತಿಷ್ಟು ಗಂಟೆಯ ಸಂಬಳ ಖಾತರಿ. ದೊಡ್ಡ ಸಂಸ್ಥೆಗಳಲ್ಲಿ ಅದು ಸಾಮಾನ್ಯವಾಗಿ 70ರಿಂದ 80 ಗಂಟೆಯ ನಡುವೆ ಇರುತ್ತದೆ. ದೊಡ್ಡ ವಿಮಾನದ ಗಂಟೆಯ ದರವೂ ಹೆಚ್ಚು. ಲೆಕ್ಕ ತಿಳಿಯಲೆಂದು ಮಾತ್ರ ಸಣ್ಣ ವಿಮಾನದ ದರವನ್ನು 100 ಎಂದೂ ದೊಡ್ಡದರ ದರವನ್ನು 120 ಎಂದೂ ಇಟ್ಟುಕೊಳ್ಳೋಣ. 75 ಗಂಟೆಯ ಖಾತರಿಯಲ್ಲಿ ದೊಡ್ಡ ವಿಮಾನದ ರಿಸರ್ವ್ ಗಳಿಸುವುದು 9,000. ಸಣ್ಣ ವಿಮಾನದಲ್ಲಿ 85 ಗಂಟೆ ಹಾರುವ ಲೈನ್ ಹೋಲ್ಡರ್‌ಗೆ 8,500; ಅವನು ಇನ್ನೊಂದು ಹಾರಾಟ ಹೆಚ್ಚುವರಿಯಾಗಿ ಹಿಡಿದು 95 ಗಂಟೆ ಮಾಡಿಕೊಂಡರೆ 9,500. ಮನೆಯಿಂದ ಹೊರಗಿರುವ ಗಂಟೆಗಳಿಗೆ ಸಿಗುವ ಭತ್ಯೆಯೂ ಹಾರುವವನದೇ. ಮೊದಲ ವರ್ಷದಲ್ಲಿ ಎಲ್ಲ ವಿಮಾನಕ್ಕೂ ಒಂದೇ ದರ ಕೊಡುವ ಸಂಸ್ಥೆಗಳೂ ಹಲವಿರುವುದರಿಂದ, ಹೊಸಬರು ಹಣಕ್ಕಾಗಿ ದೊಡ್ಡ ವಿಮಾನಕ್ಕೆ ಧಾವಿಸುವುದರಲ್ಲಿ ಅರ್ಥ ಕಡಿಮೆ. ಆದರೆ ಬೇಸ್‌ನಲ್ಲೇ ಮನೆಯಿದ್ದು, 30 ಗಂಟೆ ಹಾರಿ 75 ಗಂಟೆಯ ಸಂಬಳ ಪಡೆಯುವ ತಿಂಗಳುಗಳ ಸುಖವನ್ನು ಅಲ್ಲಗಳೆಯಲಾಗದು.

ಕೈಚಳಕದ ವಿಷಯದಲ್ಲಿ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. 90 ದಿನಗಳಲ್ಲಿ ಮೂರು ಬಾರಿ ವಿಮಾನವನ್ನು ಏರಿಸಿ ಇಳಿಸಿರಬೇಕೆಂಬುದು ನಿಯಮ. ಸಣ್ಣ ವಿಮಾನದಲ್ಲಿ ಅದು ಎರಡೇ ದಿನದ ಕೆಲಸ. ನಾಲ್ವರು ಪೈಲಟ್‌ಗಳು ಹೋಗಿಬರುವ ದೂರದ ಹಾರಾಟದಲ್ಲಿ ಮೂರು ನಾಲ್ಕು ದಿನಗಳಿಗೆ ಇಳಿಸುವ ಅವಕಾಶ ಎರಡೇ. ನೀವು ವಿಶ್ರಾಂತಿ ಕೊಡಲೆಂದು ಹೋಗುವ ರಿಲೀಫ್ ಪೈಲಟ್ ಆಗಿದ್ದರೆ ನಿಮ್ಮ ಪಾಲಿಗೆ ಅದೂ ಇಲ್ಲ. ರಿಸರ್ವ್‌ನಲ್ಲಿ ತಿಂಗಳಿಗೊಮ್ಮೆ ಹಾರುತ್ತ ಸಾಗರದ ಮೇಲೆ ನೂರಾರು ಗಂಟೆ ಕಳೆದವರೂ ಲೆಕ್ಕ ತುಂಬಿಸಲು ಸಿಮ್ಯುಲೇಟರ್‌ಗೆ ಹೋಗಬೇಕಾಗುವುದು ಹೀಗೆ. ಹೊಸ ವಿಮಾನದ ತರಬೇತಿ ಮುಗಿಸಿದವರಿಗೆ ಇನ್ನೊಂದು ಗಡುವಿದೆ: 120 ದಿನಗಳೊಳಗೆ 100 ಗಂಟೆ ಹಾರಾಟ ಪೂರೈಸಬೇಕು, ತಪ್ಪಿದರೆ ಮತ್ತೆ ತರಬೇತಿ ಅಥವಾ ಪರೀಕ್ಷಕ ಪೈಲಟ್‌ನ ಮೌಲ್ಯಮಾಪನ. ಹೊಸತಾಗಿ ಕಲಿತ ವಿಮಾನವನ್ನು ಕೈ ಮರೆಯುವ ಮುನ್ನ ಹಾರಿಸಬೇಕೆಂಬುದು ಇದರ ಉದ್ದೇಶ. ಮಂದವಾದ ತಿಂಗಳಿನಲ್ಲಿ ರಿಸರ್ವ್ ಸೇರಿದವರು ಈ ಗಡುವಿನ ಬೆನ್ನು ಹತ್ತಿ, ಶೆಡ್ಯೂಲಿಂಗ್‌ಗೆ ತಾವೇ ಫೋನ್ ಮಾಡಿ ಕೆಲಸ ಕೇಳಬೇಕಾಗುತ್ತದೆ. ವೃತ್ತಿಯ ಆರಂಭದಲ್ಲಿರುವವರು, ವಿಮಾನ ಇಳಿಸುವ ಕಲೆಯನ್ನು ಪಳಗಿಸಿಕೊಳ್ಳಬೇಕಾದವರು, ಸಣ್ಣ ವಿಮಾನದಲ್ಲಿ ಎರಡು ವರ್ಷ ಕಳೆಯುವುದು ಲೇಸೆಂದು ನನ್ನ ಎಣಿಕೆ. ದೊಡ್ಡ ವಿಮಾನದವರು ಇದನ್ನು ಒಪ್ಪುವುದಿಲ್ಲ. ಹವಾಮಾನ, ಸಾಗರದ ಮೇಲಿನ ಸಂಪರ್ಕ ಪದ್ಧತಿ, ಹಲವು ದೇಶಗಳ ನಿಯಂತ್ರಕರ ಮಾತು ಇವನ್ನೆಲ್ಲ ಬೇರೆಲ್ಲಿ ಕಲಿಯುತ್ತೀರಿ ಎಂದು ಅವರು ಕೇಳುವುದರಲ್ಲಿಯೂ ನ್ಯಾಯವಿದೆ.

ದೇಹದ ಗಡಿಯಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸಣ್ಣ ವಿಮಾನದವರು ಬೆಳಗಿನ ಜಾವದ ಅಲಾರಂಗೆ ಸೋಲುತ್ತಾರೆ, ದೊಡ್ಡದರವರು ಹತ್ತು ಗಂಟೆಯ ಕಾಲವ್ಯತ್ಯಾಸಕ್ಕೆ. ವಯಸ್ಸು ಐವತ್ತು ದಾಟಿದ ಮೇಲೆ ಯಾವುದು ಹೆಚ್ಚು ದಣಿಸುತ್ತದೆಂದು ಸ್ವತಃ ಅನುಭವಿಸಿಯೇ ತಿಳಿಯಬೇಕು.

ಯಾರಿಗೆ ಯಾವುದು

ಬೇಸ್‌ನಲ್ಲಿ ಮನೆ, ಚಿಕ್ಕ ಮಕ್ಕಳು, ಸಂಗಾತಿಗೂ ಉದ್ಯೋಗ ಇದ್ದವರಿಗೆ ದೊಡ್ಡ ವಿಮಾನದ ರಿಸರ್ವ್ ಶಾರ್ಟ್ ಕಾಲ್ ಆದರೂ ಸಹನೀಯ. ದೂರದಲ್ಲಿ ಮನೆ ಇರುವವರು ಸಣ್ಣ ವಿಮಾನದಲ್ಲಿ ಲೈನ್ ಸಿಗುವಂತಿದ್ದರೆ ದೊಡ್ಡದರ ಆಸೆಯನ್ನು ಮುಂದೂಡಬೇಕು. ಸಿಗದಿದ್ದರೆ, ಎರಡೂ ಕಡೆ ರಿಸರ್ವ್ ಖಚಿತವಾಗಿದ್ದರೆ, ಸಂಜೆಯ ಹಾಜರಿಯಿರುವ ದೊಡ್ಡ ವಿಮಾನದ ಲಾಂಗ್ ಕಾಲ್ ಹೆಚ್ಚು ಹಿತ. ಒಂಟಿಯಾಗಿರುವ ಕಿರಿಯರಿಗೆ ಇಷ್ಟೊಂದು ಲೆಕ್ಕಾಚಾರ ಬೇಕಿಲ್ಲ. ಬೇಸ್‌ಗೆ ಮನೆ ಬದಲಿಸಿಕೊಂಡರಾಯಿತು.

ತಂದೆ ತಾಯಿ ಕರ್ನಾಟಕದಲ್ಲಿರುವವರ ಪರಿಸ್ಥಿತಿ ಪ್ರತ್ಯೇಕ. ಮೈಸೂರಿನಿಂದ ಅಮೆರಿಕ ತಲುಪಲು ಒಂದು ದಿನವೇ ಬೇಕಿರುವುದರಿಂದ ಎಂತಹ ಲಾಂಗ್ ಕಾಲ್ ಇದ್ದರೂ ಕಾಯುವ ದಿನಗಳಲ್ಲಿ ಊರಿಗೆ ಹೋಗುವ ಮಾತಿಲ್ಲ. ರಿಸರ್ವ್‌ನಲ್ಲಿ ತಿಂಗಳಿಗೆ ಸಿಗುವ ಸುಮಾರು 12 ರಜಾದಿನಗಳಲ್ಲಿ ಒಂದು ಕಂತನ್ನು ತಿಂಗಳ ಕೊನೆಗೂ ಮುಂದಿನ ತಿಂಗಳ ಒಂದು ಕಂತನ್ನು ಅದರ ಮೊದಲಿಗೂ ಕೇಳಿಕೊಂಡು, ಎರಡನ್ನೂ ಹೊಂದಿಸಿ ಎಂಟು ಹತ್ತು ದಿನ ಮಾಡಿಕೊಳ್ಳುವುದೊಂದೇ ದಾರಿ. ಹಬ್ಬದ ವಾರಕ್ಕೆ ಹಾಗೆ ಸಿಗುವುದು ಹಿರಿಯರಿಗೆ ಮಾತ್ರ. ದೆಹಲಿಗೆ ಕರೆ ಬಂದಾಗ ಅಲ್ಲಿಂದ ಬೆಂಗಳೂರಿಗೆ ಹಾರಿ ಅಮ್ಮನ ಕೈಯೂಟ ಮಾಡಿ ಬರುವ ಆಸೆಯಾಗುತ್ತದೆ. ಮಂಜು ಕವಿಯುವ ದೆಹಲಿಯ ಚಳಿಗಾಲದಲ್ಲಿ ಮರಳುವ ವಿಮಾನ ತಡವಾದರೆ ನಾಲ್ವರ ತಂಡದಲ್ಲಿ ಒಬ್ಬರ ಕೊರತೆಯಾಗುತ್ತದೆ, ಆ ಕೊರತೆ ತುಂಬಲು ಅಲ್ಲಿ ರಿಸರ್ವ್ ಇರುವುದಿಲ್ಲ. ಅಪ್ಪ ಅಮ್ಮನನ್ನೇ ದೆಹಲಿಗೆ ಕರೆಸಿಕೊಳ್ಳುವುದು ಇದ್ದುದರಲ್ಲಿ ಸುರಕ್ಷಿತ.

ಬೇಕಾದ ಬೇಸ್, ವಿಮಾನ, ಆಸನಗಳಿಗೆ ಬಿಡ್, ಅಂದರೆ ಕೋರಿಕೆ, ಸಲ್ಲಿಸುವ ಮುನ್ನ ಮಾಡಬೇಕಾದ ಒಂದು ಕೆಲಸ ಉಳಿದಿದೆ. ಒಮ್ಮೆ ವಿಮಾನ ಬದಲಿಸಿದರೆ ಸಾಮಾನ್ಯವಾಗಿ ಎರಡು ವರ್ಷದಷ್ಟು ಕಾಲ ಮತ್ತೆ ಬದಲಿಸಲು ಬಿಡದ ಸೀಟ್ ಲಾಕ್ ಇರುತ್ತದೆ. ಆದ್ದರಿಂದ ನೀವು ಸೇರಲಿರುವ ಬೇಸ್, ವಿಮಾನ ಮತ್ತು ಆಸನದ ಸೀನಿಯಾರಿಟಿ ಪಟ್ಟಿಯನ್ನು ಮುಂದಿಟ್ಟುಕೊಂಡು, ನಿಮಗಿಂತ ಮೇಲಿರುವವರಲ್ಲಿ ಮುಂದಿನ ಎರಡು ವರ್ಷಗಳೊಳಗೆ 65 ತುಂಬಿ ಕಡ್ಡಾಯ ನಿವೃತ್ತಿ ಹೊಂದುವವರು ಎಷ್ಟು ಮಂದಿ, ರಿಸರ್ವ್ ಮುಗಿದು ಲೈನ್ ಆರಂಭವಾಗುವ ಗೆರೆ ಈಗ ಎಷ್ಟನೆಯ ಹೆಸರಿನ ಕೆಳಗಿದೆ ಎಂದು ಎಣಿಸಿ. ಆ ಗೆರೆಗೂ ನಿಮ್ಮ ಹೆಸರಿಗೂ ನಡುವೆ ಇರುವವರ ಸಂಖ್ಯೆ ನಿವೃತ್ತರಾಗುವವರ ಸಂಖ್ಯೆಗಿಂತ ದೊಡ್ಡದಾಗಿದ್ದರೆ, ಕ್ರ್ಯಾಶ್ ಪ್ಯಾಡ್‌ನ ಬಾಡಿಗೆಯನ್ನು ಎರಡೂ ವರ್ಷಗಳಿಗೆ ಲೆಕ್ಕ ಹಾಕಿಕೊಳ್ಳಿ.